ಸಣ್ಣ ಆಫೀಸಿನ ಮೇಲ್ ಸರ್ವರ್: ಕಳಿಸಿದ ಮೇಲ್ ಇನ್‌ಬಾಕ್ಸ್ ತಲುಪಬೇಕಾದರೆ – ಪದೇ ಪದೇ ಕೇಳುವ ಪ್ರಶ್ನೆಗಳು

ಕೊಟೇಶನ್ ಕಳಿಸಿ ಮೂರು ದಿನವಾಗಿರುತ್ತದೆ. ಗಿರಾಕಿ ಫೋನ್ ಮಾಡಿ "ಇನ್ನೂ ಕಳಿಸಿಲ್ವಲ್ಲ ಸರ್" ಅನ್ನುತ್ತಾರೆ. ಹುಡುಕಿದರೆ ಅದು ಅವರ ಸ್ಪ್ಯಾಮ್ ಫೋಲ್ಡರಿನಲ್ಲಿ ಸಿಗುತ್ತದೆ. ಹತ್ತರಿಂದ ಮೂವತ್ತು ಜನರ ಆಫೀಸುಗಳ ಮೇಲ್ ಸರ್ವರ್ ನೋಡಿಕೊಳ್ಳುವ ನನಗೆ ಎಲ್ಲಕ್ಕಿಂತ ಜಾಸ್ತಿ ಬರುವ ಕರೆ ಇದೇ. ಆ ಕರೆಗಳಲ್ಲಿ ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ. ಲಿನಕ್ಸ್ ಮೇಲೆ ಪೋಸ್ಟ್‌ಫಿಕ್ಸ್ (ಮೇಲ್ ಸಾಗಿಸುವ ಸಾಫ್ಟ್‌ವೇರ್) ಮತ್ತು ಡವ್‌ಕಾಟ್ (ಮೇಲ್‌ಬಾಕ್ಸ್ ತೆರೆದು ತೋರಿಸುವ ಸಾಫ್ಟ್‌ವೇರ್) ಹಾಕಿಕೊಂಡವರಿಗಾಗಿ ಬರೆದದ್ದು. ಬೇರೆ ಸಾಫ್ಟ್‌ವೇರ್ ಇದ್ದರೂ ನಿಯಮಗಳು ಇವೇ.

ನಮ್ಮಂಥ ಸಣ್ಣ ಆಫೀಸಿಗೆ ಸ್ವಂತ ಮೇಲ್ ಸರ್ವರ್ ಬೇಕಾ?

ಎಲ್ಲರಿಗೂ ಬೇಡ. ಐದಾರು ಜನರಿದ್ದು, ಸರ್ವರ್ ನೋಡಿಕೊಳ್ಳಲು ಯಾರೂ ಇಲ್ಲದಿದ್ದರೆ ತಿಂಗಳ ಬಾಡಿಗೆಯ ಮೇಲ್ ಸೇವೆ ತಗೊಳ್ಳಿ. ಅದರಲ್ಲಿ ಸಂಕೋಚ ಏನೂ ಇಲ್ಲ. ಆದರೆ 25 ಮೇಲ್‌ಬಾಕ್ಸ್ ಇದ್ದು, ಅರ್ಧ ಜನ ವಾರಕ್ಕೆ ಎರಡೇ ಮೇಲ್ ಕಳಿಸುವ ಕಡೆ ತಲೆಗಿಷ್ಟು ಎಂದು ಬಾಡಿಗೆ ಕಟ್ಟುವುದು ಭಾರವಾಗುತ್ತದೆ. ಹಳೆಯ ಪತ್ರವೆಲ್ಲ ನಮ್ಮ ಕೈಯಲ್ಲೇ ಇರಲಿ ಅನ್ನುವವರೂ ಇದ್ದಾರೆ. ಎರಡೂ ಒಪ್ಪುವಂಥ ಕಾರಣಗಳೇ.

ಒಂದು ಮಾತು ಮೊದಲೇ ತಿಳಿದಿರಲಿ. ಸರ್ವರ್ ಹಾಕುವುದು ಒಂದು ದಿನದ ಕೆಲಸ. ಊರಿನ ಉಳಿದ ಸರ್ವರ್‌ಗಳು ಅದನ್ನು ನಂಬಲು ವಾರಗಟ್ಟಲೆ ಹಿಡಿಯುತ್ತದೆ. ವಾರಕ್ಕೆ ಒಂದು ಗಂಟೆ ಕೂತು ಲಾಗ್ (ಸರ್ವರ್ ತಾನೇ ಬರೆದಿಡುವ ದಿನಚರಿ) ನೋಡುವ ಒಬ್ಬರು ಬೇಕೇ ಬೇಕು.

ನಂಬಿಕೆಯ ಪ್ರಶ್ನೆ ಯಾಕೆ ಬರುತ್ತದೆ? ಮೇಲ್ ಕಳಿಸಿದರೆ ಹೋಗಬೇಕು ಅಲ್ವಾ?

ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಗಳನ್ನು ಜಾನ್ ಪೋಸ್ಟೆಲ್ ಬರೆದದ್ದು 1982ರಲ್ಲಿ. ಆಗ ನೆಟ್‌ವರ್ಕ್‌ನಲ್ಲಿ ಇದ್ದವರೇ ಕಡಿಮೆ. "ನಾನು ಇಂಥವನು" ಅಂದರೆ ಸಾಕಿತ್ತು, ಪುರಾವೆ ಯಾರೂ ಕೇಳುತ್ತಿರಲಿಲ್ಲ. ಇವತ್ತಿಗೂ ಆ ನಿಯಮದ ಪ್ರಕಾರ ಯಾರು ಬೇಕಾದರೂ ನಿಮ್ಮ ಹೆಸರು ಹಾಕಿ ಮೇಲ್ ಕಳಿಸಬಹುದು. ಮುಂದೆ ಬರುವ ಪಿಟಿಆರ್ ತಪಾಸಣೆ, ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಲ್ಲವೂ ಆ ತೂತು ಮುಚ್ಚಲು ಆಮೇಲೆ ಹಾಕಿದ ತೇಪೆಗಳು. ನಾಲ್ಕೂ ಕೇಳುವುದು ಒಂದೇ: ಈ ಮೇಲ್ ನಿಜವಾಗಿ ನಿಮ್ಮದೇನಾ?

ಹಾಗಾಗಿ ಡಿಎನ್‌ಎಸ್ (ಡೊಮೈನ್ ಹೆಸರಿನ ವಿವರಗಳಿರುವ ಸಾರ್ವಜನಿಕ ದಾಖಲೆ) ಮುಟ್ಟುವ ಮೊದಲು ಒಂದು ಹಾಳೆ ತಗೊಳ್ಳಿ. ನಿಮ್ಮ ಡೊಮೈನ್ ಹೆಸರಲ್ಲಿ ಯಾರ್ಯಾರು ಮೇಲ್ ಕಳಿಸುತ್ತಾರೆ ಎಂದು ಬರೆಯಿರಿ. ಮೇಲ್ ಸರ್ವರ್ ಒಂದೇ ಅಂದುಕೊಂಡಿರುತ್ತೀರಿ. ಆಮೇಲೆ ಒಂದೊಂದೇ ನೆನಪಾಗುತ್ತದೆ. ವೆಬ್‌ಸೈಟಿನ ಸಂಪರ್ಕ ಫಾರ್ಮ್. ಇನ್‌ವಾಯ್ಸ್ ಕಳಿಸುವ ಟ್ಯಾಲಿ. ಸ್ಕ್ಯಾನ್ ಮಾಡಿದ್ದನ್ನು ಮೇಲ್ ಮಾಡುವ ಜೆರಾಕ್ಸ್ ಮಷಿನ್. ಹಾಜರಾತಿಯ ಬೆರಳಚ್ಚು ಯಂತ್ರದ ಸಾಫ್ಟ್‌ವೇರ್. ಸೇಲ್ಸ್‌ನವರು ತಾವಾಗಿಯೇ ಸೇರಿಕೊಂಡ ಯಾವುದೋ ಆನ್‌ಲೈನ್ ಸೇವೆ. ಸಿಸಿಟಿವಿ ರೆಕಾರ್ಡರ್. ಒಂದು ಆಫೀಸಿನಲ್ಲಿ ಈ ಪಟ್ಟಿ ಒಂಬತ್ತಕ್ಕೆ ಹೋಗಿತ್ತು, ಯಜಮಾನರು ಹೇಳಿದ್ದು ಎರಡೇ. ತಲುಪದ ಮೇಲ್‌ಗಳ ಹಿಂದೆ ಹೋದಾಗ ನನಗೆ ಜಾಸ್ತಿ ಸಿಕ್ಕಿರುವುದು ಹೀಗೆ ಲೆಕ್ಕಕ್ಕೆ ಬಾರದೆ ಉಳಿದ ಕಳಿಸುವವರೇ. ಈ ಹಾಳೆ ಜೋಪಾನವಾಗಿರಲಿ, ಕೆಳಗಿನ ಎಲ್ಲ ಉತ್ತರಗಳಿಗೂ ಅದು ಬೇಕು.

ಆಫೀಸಿನ ಬ್ರಾಡ್‌ಬ್ಯಾಂಡ್ ಮೇಲೆ, ಮೂಲೆಯಲ್ಲಿರುವ ಹಳೆಯ ಕಂಪ್ಯೂಟರಿನಲ್ಲೇ ನಡೆಸಬಹುದಾ?

ಬೇಡ. ಸಾಮಾನ್ಯ ಬ್ರಾಡ್‌ಬ್ಯಾಂಡ್‌ನಲ್ಲಿ ಐಪಿ ವಿಳಾಸ, ಅಂದರೆ ನೆಟ್‌ನಲ್ಲಿ ನಿಮ್ಮನ್ನು ಗುರುತಿಸುವ ಸಂಖ್ಯೆ, ಬದಲಾಗುತ್ತಿರುತ್ತದೆ. ಎಷ್ಟೋ ಕಡೆ ಒಂದೇ ಐಪಿಯನ್ನು ಹತ್ತಾರು ಮನೆಗಳಿಗೆ ಹಂಚಿರುತ್ತಾರೆ, ಆಗ ಹೊರಗಿನವರು ನಿಮ್ಮ ಸರ್ವರ್ ಮುಟ್ಟಲೂ ಆಗುವುದಿಲ್ಲ. ಇಂಥ ಐಪಿಗಳಿಂದ ನೇರವಾಗಿ ಮೇಲ್ ಬರಬಾರದು ಎಂದು ಸ್ಪ್ಯಾಮ್‌ಹೌಸ್ ಸಂಸ್ಥೆ ಪಿಬಿಎಲ್ ಎಂಬ ಪಟ್ಟಿಯನ್ನೇ ಇಟ್ಟಿದೆ. ನೀವು ಏನೂ ತಪ್ಪು ಮಾಡದಿದ್ದರೂ ಮೊದಲ ದಿನವೇ ಅದರಲ್ಲಿರುತ್ತೀರಿ. ಕಾರ್ಖಾನೆಗೆ ಲೀಸ್ಡ್ ಲೈನ್ ಇದ್ದು, ಸ್ಥಿರ ಐಪಿ ಕೊಟ್ಟು, ಐಪಿಯಿಂದ ಹೆಸರು ಹೇಳುವ ಪಿಟಿಆರ್ ದಾಖಲೆಯನ್ನೂ ಬರೆದುಕೊಡುತ್ತೇವೆ ಎಂದು ಸೇವೆಯವರು ಒಪ್ಪಿದರೆ ಆಗಬಹುದು. ಇಲ್ಲವಾದರೆ ವಿಪಿಎಸ್ (ಹೋಸ್ಟಿಂಗ್ ಕಂಪನಿಯಲ್ಲಿ ಬಾಡಿಗೆಗೆ ಸಿಗುವ ಸರ್ವರ್) ತಗೊಳ್ಳುವುದೇ ವಾಸಿ.

ವಿಪಿಎಸ್ ತಗೊಂಡೆ. ಮೇಲ್ ಒಳಗೆ ಬರುತ್ತಿದೆ, ಹೊರಗೆ ಒಂದೂ ಹೋಗುತ್ತಿಲ್ಲ. ಯಾಕೆ?

ಹೊರಹೋಗುವ 25ನೇ ಪೋರ್ಟ್ (ಮೇಲ್ ಹೋಗುವ ಬಾಗಿಲು) ಮುಚ್ಚಿರುತ್ತದೆ. ಲಾಗ್‌ನಲ್ಲಿ "ಕನೆಕ್ಷನ್ ಟೈಮ್ಡ್ ಔಟ್" ಎಂದು ಸಾಲುಸಾಲಾಗಿ ಕಾಣುತ್ತದೆ. ಸ್ಪ್ಯಾಮ್ ಕಳಿಸುವವರನ್ನು ತಡೆಯಲು ಕ್ಲೌಡ್ ಕಂಪನಿಗಳು ಹೀಗೆ ಮಾಡುತ್ತವೆ. ಅಮೆಜಾನ್‌ನಲ್ಲಿ ಅರ್ಜಿ ಹಾಕಿ ತೆರೆಸಿಕೊಳ್ಳಬಹುದು. ಗೂಗಲ್ ಕ್ಲೌಡ್ ಸಾಮಾನ್ಯವಾಗಿ ತೆರೆಯುವುದಿಲ್ಲ. ಹೆಟ್ಜ್‌ನರ್‌ನಲ್ಲಿ ಮೊದಲ ಬಿಲ್ ಕಟ್ಟಿದ ಮೇಲೆ ಕೇಳಬೇಕು. ಹಣ ಕಟ್ಟುವ ಮೊದಲೇ ಎರಡು ಪ್ರಶ್ನೆ ಬರಹದಲ್ಲಿ ಕೇಳಿಬಿಡಿ: 25 ತೆರೆದುಕೊಡುತ್ತೀರಾ? ಪಿಟಿಆರ್ ನನ್ನ ಹೆಸರಿಗೆ ಬರೆದುಕೊಡುತ್ತೀರಾ? ಎರಡಕ್ಕೂ ಹೌದು ಅನ್ನದ ಕಡೆ ಸರ್ವರ್ ಎಷ್ಟೇ ಅಗ್ಗವಾಗಿದ್ದರೂ ಮೇಲ್‌ಗೆ ಬರುವುದಿಲ್ಲ.

25, 465, 587. ಯಾವುದು ಯಾವುದಕ್ಕೆ?

25 ಸರ್ವರ್‌ಗಳು ತಮ್ಮತಮ್ಮಲ್ಲಿ ಮಾತಾಡುವ ಬಾಗಿಲು. ನಿಮ್ಮ ಜನ ಮೊಬೈಲಿನಿಂದ, ಔಟ್‌ಲುಕ್‌ನಿಂದ, ಥಂಡರ್‌ಬರ್ಡ್‌ನಿಂದ ಮೇಲ್ ಕಳಿಸಲು 465 ಅಥವಾ 587. 465ರಲ್ಲಿ ಮೊದಲ ಅಕ್ಷರದಿಂದಲೇ ಗೂಢಲಿಪಿ ಇರುತ್ತದೆ. 587ರಲ್ಲಿ ಬರಿಯ ಮಾತಿನಿಂದ ಶುರುವಾಗಿ ಆಮೇಲೆ ಗೂಢಲಿಪಿಗೆ ಬದಲಾಗುತ್ತದೆ. ನಾನು 465 ಕೊಡುತ್ತೇನೆ. ಮೇಲ್ ಓದಲು ಐಮ್ಯಾಪ್‌ನ 993 ಸಾಕು. 25ರಲ್ಲಿ ಪಾಸ್‌ವರ್ಡ್ ಲಾಗಿನ್ ಪೂರ್ತಿ ನಿಲ್ಲಿಸಿಬಿಡಿ, ಪಾಸ್‌ವರ್ಡ್ ಊಹಿಸಿ ಬಡಿಯುವವರ ಕಾಟ ಎಷ್ಟೋ ಇಳಿಯುತ್ತದೆ.

ಪಿಟಿಆರ್ ಅಂದರೆ ಏನು? ಡೊಮೈನ್ ಕಂಟ್ರೋಲ್ ಪ್ಯಾನಲ್‌ನಲ್ಲಿ ಅದು ಸಿಗುತ್ತಿಲ್ಲವಲ್ಲ?

ಅಲ್ಲಿ ಸಿಗುವುದಿಲ್ಲ. ಹೆಸರು ಕೊಟ್ಟರೆ ಐಪಿ ಹೇಳುವ ಎ ದಾಖಲೆ ನಿಮ್ಮ ಕೈಯಲ್ಲಿದೆ. ಐಪಿ ಕೊಟ್ಟರೆ ಹೆಸರು ಹೇಳುವ ಪಿಟಿಆರ್ ಐಪಿ ಯಾರದೋ ಅವರ ಕೈಯಲ್ಲಿರುತ್ತದೆ, ಅಂದರೆ ವಿಪಿಎಸ್ ಕಂಪನಿಯ ಬಳಿ. ಅವರ ಪ್ಯಾನಲ್‌ನಲ್ಲಿ ರಿವರ್ಸ್ ಡಿಎನ್‌ಎಸ್ ಎಂಬ ಜಾಗ ಹುಡುಕಿ, ಇಲ್ಲದಿದ್ದರೆ ಟಿಕೆಟ್ ಹಾಕಿ.

ಮೂರು ಒಂದಕ್ಕೊಂದು ತಾಳೆಯಾಗಬೇಕು: ಪಿಟಿಆರ್ ಹೇಳುವ ಹೆಸರು, ಆ ಹೆಸರಿನ ಎ ದಾಖಲೆ ತೋರಿಸುವ ಐಪಿ, ಮತ್ತು ಪೋಸ್ಟ್‌ಫಿಕ್ಸ್ ಹಲೋ ಹೇಳುವಾಗ ಬಳಸುವ ಹೆಸರು. ಹೋಗಿ ಬಂದರೆ ಅದೇ ಮನೆಗೆ ಬರಬೇಕು. ಪೋಸ್ಟ್‌ಫಿಕ್ಸ್‌ನ ಹೋಸ್ಟ್‌ನೇಮ್ "ಲೋಕಲ್‌ಹೋಸ್ಟ್" ಎಂದೇ ಉಳಿದಿದ್ದರೆ ಅಲ್ಲೇ ಎಡವುತ್ತೀರಿ.

ಎಸ್‌ಪಿಎಫ್ ಹೇಗೆ ಬರೆಯಬೇಕು?

ನನ್ನ ಹೆಸರಲ್ಲಿ ಈ ಈ ಐಪಿಗಳಿಂದ ಮಾತ್ರ ಮೇಲ್ ಬರುತ್ತದೆ ಎಂದು ಡಿಎನ್‌ಎಸ್‌ನಲ್ಲಿ ಹಾಕುವ ಒಂದು ಟಿಎಕ್ಸ್‌ಟಿ ಸಾಲು ಅದು. ನಿಮ್ಮ ಹಾಳೆ ಈಗ ತೆಗೆಯಿರಿ. ಅದರಲ್ಲಿರುವ ಒಬ್ಬೊಬ್ಬರೂ ಎರಡರಲ್ಲಿ ಒಂದು ದಾರಿ ಹಿಡಿಯಬೇಕು: ನಿಮ್ಮ ಮೇಲ್ ಸರ್ವರ್‌ಗೆ ಲಾಗಿನ್ ಆಗಿ ಅದರ ಮೂಲಕ ಕಳಿಸಬೇಕು, ಇಲ್ಲವೇ ಅವರ ಐಪಿ ಈ ಸಾಲಿನಲ್ಲಿ ಇರಬೇಕು. ಮೊದಲನೆಯದೇ ಒಳ್ಳೆಯದು. ಟ್ಯಾಲಿ, ಜೆರಾಕ್ಸ್ ಮಷಿನ್, ಸಿಸಿಟಿವಿ ಒಂದೊಂದಕ್ಕೂ ಬೇರೆ ಬೇರೆ ಲಾಗಿನ್ ಮಾಡಿಕೊಡಿ. ಎಲ್ಲಕ್ಕೂ ಯಜಮಾನರ ಪಾಸ್‌ವರ್ಡ್ ಕೊಟ್ಟಿರುವುದನ್ನು ನೋಡಿದ್ದೇನೆ. ಅವರು ಪಾಸ್‌ವರ್ಡ್ ಬದಲಾಯಿಸಿದ ದಿನ ಇನ್‌ವಾಯ್ಸ್‌ಗಳು ನಿಂತುಹೋದವು, ಯಾರಿಗೂ ಕಾರಣ ಗೊತ್ತಾಗಲಿಲ್ಲ.

ಎರಡು ತಪ್ಪು ಮತ್ತೆ ಮತ್ತೆ ಕಾಣುತ್ತೇನೆ. ಒಂದು, ಹಳೆಯ ಎಸ್‌ಪಿಎಫ್ ಸಾಲು ಅಳಿಸದೆ ಹೊಸದನ್ನು ಕೆಳಗೆ ಸೇರಿಸುವುದು. ಒಂದು ಡೊಮೈನಿಗೆ ಒಂದೇ ಎಸ್‌ಪಿಎಫ್ ಸಾಲು ಇರಬೇಕು. ಎರಡಿದ್ದರೆ ಎರಡೂ ಕೆಟ್ಟಂತೆ. ಎರಡು, ಸಿಕ್ಕ ಸೇವೆಗಳನ್ನೆಲ್ಲ "ಇನ್‌ಕ್ಲೂಡ್" (ಅವರ ಐಪಿ ಪಟ್ಟಿಯನ್ನೂ ಸೇರಿಸು) ಮಾಡುತ್ತಾ ಹೋಗುವುದು. ಈ ಸಾಲನ್ನು ಬಿಡಿಸುವಾಗ 10 ಡಿಎನ್‌ಎಸ್ ಹುಡುಕಾಟಕ್ಕಿಂತ ಹೆಚ್ಚಾಗುವಂತಿಲ್ಲ. ಒಂದು ಇನ್‌ಕ್ಲೂಡ್ ಒಳಗೆ ಇನ್ನೂ ಮೂರು ಇನ್‌ಕ್ಲೂಡ್ ಅಡಗಿರುತ್ತವೆ, ಅವೂ ಲೆಕ್ಕಕ್ಕೆ ಬರುತ್ತವೆ. ಐಪಿಯನ್ನು ನೇರವಾಗಿ ಬರೆದರೆ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಸರ್ವರ್ ಐಪಿಯನ್ನು ಹಾಗೇ ಬರೆಯಿರಿ.

ಸಾಲಿನ ಕೊನೆಯ "ಆಲ್" ಅಂದರೆ ಪಟ್ಟಿಯಲ್ಲಿಲ್ಲದ ಉಳಿದವರೆಲ್ಲ. ಅದರ ಮುಂದೆ ಮೈನಸ್ (ತಿರಸ್ಕರಿಸಿ) ಹಾಕಬೇಕಾ, ಟಿಲ್ಡ್ (~, ಅನುಮಾನದಿಂದ ನೋಡಿ) ಹಾಕಬೇಕಾ ಎಂದು ಕೇಳುತ್ತಾರೆ. ನಾನು ಟಿಲ್ಡ್ ಹಾಕುತ್ತೇನೆ. ಮೈನಸ್ ಇದ್ದರೆ ಕೆಲವು ಸರ್ವರ್‌ಗಳು ಡಿಕಿಮ್ ನೋಡುವ ಮೊದಲೇ ಬಾಗಿಲು ಹಾಕಿಬಿಡುತ್ತವೆ. ಬಿಗಿ ಮಾಡುವ ಕೆಲಸ ಡಿಮಾರ್ಕ್‌ಗೆ ಬಿಡಿ. ಮೇಲ್ ಕಳಿಸದ ಡೊಮೈನ್ ಸುಮ್ನೆ ಇಟ್ಟುಕೊಂಡಿದ್ದರೆ ಅದಕ್ಕೆ ಮಾತ್ರ ಮೈನಸ್ ಹಾಕಿ. ಬೇರೆಯವರು ಅದರ ಹೆಸರಲ್ಲಿ ಮೋಸ ಮಾಡುವುದು ಕಷ್ಟವಾಗುತ್ತದೆ.

ಡಿಕಿಮ್?

ಹೊರಹೋಗುವ ಪ್ರತಿ ಮೇಲ್‌ಗೂ ನಿಮ್ಮ ಸರ್ವರ್ ಒಂದು ಮೊಹರು ಒತ್ತುತ್ತದೆ. ಮೊಹರನ್ನು ತಾಳೆ ನೋಡಲು ಬೇಕಾದ ಸಾರ್ವಜನಿಕ ಕೀಲಿ ಡಿಎನ್‌ಎಸ್‌ನಲ್ಲಿರುತ್ತದೆ. ಒತ್ತುವ ಖಾಸಗಿ ಕೀಲಿ ಸರ್ವರ್ ಬಿಟ್ಟು ಎಲ್ಲಿಗೂ ಹೋಗಬಾರದು. ದಾರಿಯಲ್ಲಿ ಯಾರಾದರೂ ಪತ್ರ ತಿದ್ದಿದರೆ ಮೊಹರು ಒಡೆಯುತ್ತದೆ. ಓಪನ್‌ಡಿಕಿಮ್ ಅಥವಾ ಆರ್‌ಸ್ಪ್ಯಾಮ್‌ಡಿ ಈ ಕೆಲಸ ಮಾಡುತ್ತದೆ. ಕೀಲಿ 2048 ಬಿಟ್ ಇರಲಿ.

ಎಡವುವ ಜಾಗ ಒಂದೇ. ಟಿಎಕ್ಸ್‌ಟಿ ದಾಖಲೆಯ ಒಂದು ತುಂಡಿನಲ್ಲಿ 255 ಅಕ್ಷರಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ. 2048 ಬಿಟ್ ಕೀಲಿ ಅದಕ್ಕಿಂತ ಉದ್ದ. ಕೆಲವು ಪ್ಯಾನಲ್‌ಗಳು ತಾವೇ ತುಂಡು ಮಾಡುತ್ತವೆ, ಕೆಲವು ಕೀಲಿಯ ಬಾಲವನ್ನು ಕತ್ತರಿಸಿಬಿಡುತ್ತವೆ, ಹೇಳುವುದೂ ಇಲ್ಲ. ಹಾಕಿದ ಮೇಲೆ ಹೊರಗಿನಿಂದ ಡಿಗ್ ಆಜ್ಞೆ (ಡಿಎನ್‌ಎಸ್ ದಾಖಲೆ ಕೇಳಿ ತೋರಿಸುವ ಆಜ್ಞೆ) ಕೊಟ್ಟು ಪೂರ್ತಿ ಕೀಲಿ ಬರುತ್ತಿದೆಯೇ ಎಂದು ಕಣ್ಣಾರೆ ನೋಡಿ.

ಎಸ್‌ಪಿಎಫ್, ಡಿಕಿಮ್ ಎರಡೂ ಇವೆ. ಡಿಮಾರ್ಕ್ ಯಾಕೆ?

ಅಂಚೆಯ ಕವರ್ ನೆನಪು ಮಾಡಿಕೊಳ್ಳಿ. ಕವರಿನ ಮೇಲೆ ಒಂದು 'ಇಂದ' ವಿಳಾಸ, ಒಳಗಿನ ಲೆಟರ್‌ಹೆಡ್‌ನಲ್ಲಿ ಇನ್ನೊಂದು. ಮೇಲ್‌ನಲ್ಲೂ ಹೀಗೇ ಎರಡಿರುತ್ತವೆ. ಎಸ್‌ಪಿಎಫ್ ನೋಡುವುದು ಕವರಿನ ವಿಳಾಸ. ಗಿರಾಕಿ ಓದುವುದು ಲೆಟರ್‌ಹೆಡ್. ಮೋಸಗಾರ ಕವರಿನ ಮೇಲೆ ತನ್ನದೇ ಡೊಮೈನ್ ಹಾಕಿ ಎಸ್‌ಪಿಎಫ್ ಪಾಸಾಗಬಹುದು, ಒಳಗೆ ನಿಮ್ಮ ಹೆಸರು ಬರೆಯಬಹುದು. ಡಿಮಾರ್ಕ್ ಈ ಎರಡನ್ನೂ ಗಂಟು ಹಾಕುತ್ತದೆ. ಎಸ್‌ಪಿಎಫ್ ಅಥವಾ ಡಿಕಿಮ್, ಎರಡರಲ್ಲಿ ಒಂದಾದರೂ ಪಾಸಾಗಬೇಕು, ಆ ಪಾಸಾದ ಡೊಮೈನ್ ಲೆಟರ್‌ಹೆಡ್‌ನಲ್ಲಿ ಕಾಣುವ ಡೊಮೈನೇ ಆಗಿರಬೇಕು. ಆಗದಿದ್ದರೆ ಏನು ಮಾಡಬೇಕು ಎಂದು ಹೇಳುವವರು ನೀವು: ನನ್ (ಏನೂ ಮಾಡಬೇಡಿ), ಕ್ವಾರಂಟೈನ್ (ಸ್ಪ್ಯಾಮ್‌ಗೆ ಹಾಕಿ), ರಿಜೆಕ್ಟ್ (ತಿರಸ್ಕರಿಸಿ).

ಮೊದಲ ದಿನವೇ ರಿಜೆಕ್ಟ್ ಹಾಕಬೇಡಿ. ನನ್ ಹಾಕಿ, ವರದಿ ಕಳಿಸಲು ಒಂದು ವಿಳಾಸ ಕೊಡಿ. ಗೂಗಲ್, ಯಾಹೂ ಮುಂತಾದವರು ದಿನಕ್ಕೊಮ್ಮೆ ಎಕ್ಸ್‌ಎಂಎಲ್ ವರದಿ ಕಳಿಸುತ್ತಾರೆ. ಯಾವ ಐಪಿಯಿಂದ ನಿಮ್ಮ ಹೆಸರಲ್ಲಿ ಎಷ್ಟು ಮೇಲ್ ಬಂತು, ಪಾಸಾಯಿತೋ ಇಲ್ಲವೋ ಎಲ್ಲ ಅದರಲ್ಲಿರುತ್ತದೆ. ಹಾಳೆಯಲ್ಲಿ ಬರೆಯಲು ಮರೆತವರು ಇಲ್ಲಿ ತಾವಾಗಿಯೇ ಬಂದು ನಿಲ್ಲುತ್ತಾರೆ. ಒಂದು ಆಫೀಸಿನಲ್ಲಿ ವರದಿ ನೋಡಿದ ಮೇಲೆಯೇ ಗೊತ್ತಾಯಿತು, ಹಳೆಯ ವೆಬ್‌ಸೈಟ್ ಇನ್ನೂ ಬೇರೆ ಹೋಸ್ಟಿಂಗ್‌ನಲ್ಲಿ ಬದುಕಿತ್ತು. ಅಲ್ಲಿಂದ ದಿನವೂ ವಿಚಾರಣೆಯ ಮೇಲ್‌ಗಳು ಹೊರಟು ಎಲ್ಲಿಗೂ ತಲುಪದೆ ಹೋಗುತ್ತಿದ್ದವು. ತಿಂಗಳುಗಟ್ಟಲೆಯ ವಿಚಾರಣೆಗಳು. ಅವರ ಮುಖ ನೋಡಿ ನನಗೇ ಸಂಕಟವಾಯಿತು.

ನಾಲ್ಕರಿಂದ ಆರು ವಾರ ವರದಿ ನೋಡಿ, ತಿಂಗಳ ಕೊನೆಯ ಬಿಲ್ಲಿಂಗ್ ಒಂದಾದರೂ ನಡುವೆ ಬರಲಿ. ನಿಮ್ಮವರೆಲ್ಲ ಪಾಸಾಗುತ್ತಿದ್ದಾರೆ ಅನ್ನಿಸಿದ ಮೇಲೆ ಕ್ವಾರಂಟೈನ್, ಅದಾದ ಮೇಲೆ ರಿಜೆಕ್ಟ್.

ಎಲ್ಲ ಪಾಸಾಗಿದೆ. ಆದರೂ ಜಿಮೇಲ್ ಸ್ಪ್ಯಾಮ್‌ಗೆ ಹಾಕುತ್ತಿದೆ. ಇನ್ನೇನು ಮಾಡಲಿ?

ಮೊದಲು ಜಿಮೇಲ್‌ನಲ್ಲಿ ಆ ಮೇಲ್ ತೆರೆದು "ಶೋ ಒರಿಜಿನಲ್" ಒತ್ತಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಮುಂದೆಯೂ ಪಾಸ್ ಎಂದು ಇರಬೇಕು. ನನ್ನ ಕಡೆ ಸರಿ ಇದೆ ಅಂದುಕೊಳ್ಳುವುದಕ್ಕಿಂತ ಅವರ ಕಡೆ ಏನು ಕಂಡಿತು ಎಂದು ನೋಡುವುದು ಮೇಲು.

ನಂತರ ಐಪಿವಿ6, ಅಂದರೆ ಹೊಸ ಬಗೆಯ ಉದ್ದನೆಯ ಐಪಿ ವಿಳಾಸ (ಹಳೆಯ ಬಗೆಯದು ಐಪಿವಿ4). ವಿಪಿಎಸ್ ಜೊತೆಗೆ ಐಪಿವಿ6 ವಿಳಾಸವೂ ಬರುತ್ತದೆ, ಪೋಸ್ಟ್‌ಫಿಕ್ಸ್ ಅದರಿಂದಲೂ ಕಳಿಸುತ್ತದೆ. ನೀವು ಪಿಟಿಆರ್ ಮತ್ತು ಎಸ್‌ಪಿಎಫ್ ಹಾಕಿರುವುದು ಐಪಿವಿ4ಗೆ ಮಾತ್ರ. ಐಪಿವಿ6 ವಿಷಯದಲ್ಲಿ ಜಿಮೇಲ್ ಬಹಳ ಬಿಗಿ. ಒಂದು ಮೇಲ್ ಹೋಗುತ್ತದೆ, ಇನ್ನೊಂದು ಹೋಗುವುದಿಲ್ಲ ಅನ್ನುವ ವಿಚಿತ್ರಕ್ಕೆ ಎಷ್ಟೋ ಸಲ ಇದೇ ಕಾರಣ. ಐಪಿವಿ6ಗೂ ಎಲ್ಲ ಹಾಕಿ, ಇಲ್ಲವೇ ಪೋಸ್ಟ್‌ಫಿಕ್ಸ್‌ಗೆ ಐಪಿವಿ4 ಮಾತ್ರ ಬಳಸು ಎಂದು ಹೇಳಿ.

ಎರಡೂ ಸರಿಯಿದ್ದರೆ ಉಳಿದದ್ದು ಹೊಸತನ. ನಿನ್ನೆ ಬಂದ ಐಪಿಯ ಪರಿಚಯ ಯಾರಿಗೂ ಇರುವುದಿಲ್ಲ. ಮೊದಲ ವಾರಗಳಲ್ಲಿ ದಿನನಿತ್ಯದ ಪತ್ರ ಮಾತ್ರ ಕಳಿಸಿ. ಪರಿಚಯದ ಗಿರಾಕಿಗಳಿಗೆ ಫೋನ್ ಮಾಡಿ, "ಸ್ಪ್ಯಾಮ್‌ನಲ್ಲಿದ್ದರೆ ಸ್ಪ್ಯಾಮ್ ಅಲ್ಲ ಅಂತ ಒತ್ತಿ, ಒಂದು ಉತ್ತರ ಬರೆಯಿರಿ" ಎಂದು ಕೇಳಿಕೊಳ್ಳಿ. ಇದು ಸಣ್ಣ ಉಪಾಯದಂತೆ ಕಾಣುತ್ತದೆ, ಆದರೆ ನಿಜವಾಗಿ ಕೆಲಸ ಮಾಡುತ್ತದೆ. ಗೂಗಲ್‌ನ ಪೋಸ್ಟ್‌ಮಾಸ್ಟರ್ ಟೂಲ್ಸ್‌ನಲ್ಲಿ ಡೊಮೈನ್ ನೋಂದಾಯಿಸಿಡಿ. ಮೇಲ್ ಕಡಿಮೆಯಿದ್ದರೆ ಅದರಲ್ಲಿ ಅಂಕಿ ಕಾಣದಿರಬಹುದು.

ಗೂಗಲ್ 2024ರಲ್ಲಿ ಹೊಸ ನಿಯಮ ತಂದಿತಂತೆ. ದಿನಕ್ಕೆ 5000 ಮೇಲ್ ಕಳಿಸುವವರಿಗೆ ಮಾತ್ರವಂತೆ, ನಿಜವೇ?

ಅರ್ಧ ನಿಜ. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ನಿಯಮ ಬಿಗಿ ಮಾಡಿದವು. ಡಿಮಾರ್ಕ್ ಕಡ್ಡಾಯ, ಪ್ರಚಾರದ ಮೇಲ್‌ಗೆ ಒಂದೇ ಒತ್ತಿನ ಅನ್‌ಸಬ್‌ಸ್ಕ್ರೈಬ್ ಕಡ್ಡಾಯ ಎಂದು ಗೂಗಲ್ ಹೇಳಿದ್ದು ಜಿಮೇಲ್ ಖಾತೆಗಳಿಗೆ ದಿನಕ್ಕೆ 5000ಕ್ಕೂ ಹೆಚ್ಚು ಕಳಿಸುವವರಿಗೆ. ಆದರೆ ಎಸ್‌ಪಿಎಫ್ ಅಥವಾ ಡಿಕಿಮ್, ಸರಿಯಾದ ಪಿಟಿಆರ್, ಗೂಢಲಿಪಿಯ ಸಂಪರ್ಕ, ಇವು ದಿನಕ್ಕೆ ಹತ್ತು ಮೇಲ್ ಕಳಿಸುವವರಿಗೂ ಬೇಕು. ಜನ ಸ್ಪ್ಯಾಮ್ ಎಂದು ಒತ್ತುವ ಪ್ರಮಾಣ ಶೇ 0.3 ಮುಟ್ಟಬಾರದು, 0.1ರ ಕೆಳಗಿದ್ದರೆ ಒಳ್ಳೆಯದು. 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಕೂಡ ಔಟ್‌ಲುಕ್, ಹಾಟ್‌ಮೇಲ್ ಖಾತೆಗಳಿಗೆ ದೊಡ್ಡ ಮಟ್ಟದಲ್ಲಿ ಕಳಿಸುವವರ ಮೇಲೆ ಇಂಥದೇ ನಿಯಮ ಹಾಕಿತು. ನೀವು ಸಣ್ಣವರಾದರೂ ಎಲ್ಲವನ್ನೂ ಹಾಕಿಬಿಡಿ.

ಆಯುಧ ಪೂಜೆಗೆ 3000 ಗಿರಾಕಿಗಳಿಗೆ ಶುಭಾಶಯ ಕಳಿಸಬೇಕು. ಇದೇ ಸರ್ವರಿನಿಂದ ಕಳಿಸಲಾ?

ದಯವಿಟ್ಟು ಬೇಡ. ದಿನಕ್ಕೆ 80 ಮೇಲ್ ಕಳಿಸುವ ಸರ್ವರ್ ಒಂದೇ ಬೆಳಿಗ್ಗೆ 3000 ಕಳಿಸಿದರೆ ಯಾವ ಸರ್ವರ್‌ಗಾದರೂ ಅನುಮಾನ ಬರುತ್ತದೆ. ಹಳೆಯ ಪಟ್ಟಿಯಲ್ಲಿ ಸತ್ತ ವಿಳಾಸಗಳೂ ಸಾಕಷ್ಟಿರುತ್ತವೆ. ತಿಂಗಳುಗಟ್ಟಲೆ ಕಷ್ಟಪಟ್ಟು ಗಳಿಸಿದ ಹೆಸರು ಒಂದು ಶುಭಾಶಯಕ್ಕೆ ಹೋಗಬಾರದು. ಮರುದಿನ ಇನ್‌ವಾಯ್ಸ್‌ಗಳೂ ನಿಲ್ಲುತ್ತವೆ. ಕಳಿಸಲೇಬೇಕಾದರೆ ಒಂದು ಸಬ್‌ಡೊಮೈನ್ ಮಾಡಿ, ಇಂಥ ಕೆಲಸಕ್ಕೆಂದೇ ಇರುವ ಸೇವೆಯಿಂದ ಕಳಿಸಿ. ಒಪ್ಪಿಗೆ ಕೊಟ್ಟವರಿಗೆ ಮಾತ್ರ.

ಮೇಲ್ ವಾಪಸ್ ಬಂತು. ಅದರಲ್ಲಿರುವುದು ಅರ್ಥವಾಗುವುದಿಲ್ಲ.

ಮೂರಂಕಿಯ ಸಂಖ್ಯೆ ಹುಡುಕಿ. 4ರಿಂದ ಶುರುವಾದರೆ "ಈಗ ಬೇಡ, ಆಮೇಲೆ ಬಾ". ಪೋಸ್ಟ್‌ಫಿಕ್ಸ್ ತಾನೇ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಮೊದಲಿನಿಂದ ಬಂದ ಸೆಟ್ಟಿಂಗ್ ಪ್ರಕಾರ 5 ದಿನದವರೆಗೆ. ಹೊಸ ಸರ್ವರ್‌ಗಳನ್ನು ಬೇಕೆಂದೇ ಒಮ್ಮೆ ವಾಪಸ್ ಕಳಿಸಿ ನೋಡುವ ಗ್ರೇಲಿಸ್ಟಿಂಗ್ ಎಂಬ ಪದ್ಧತಿಯೂ ಇದೆ, ಕಾಯ್ದರೆ ತಾನಾಗಿ ಹೋಗುತ್ತದೆ. 5ರಿಂದ ಶುರುವಾದರೆ "ಬೇಡ" ಅಂದರೆ ಬೇಡ. ಸಂಖ್ಯೆಯ ಪಕ್ಕದ ವಾಕ್ಯ ಓದಿ. ವಿಳಾಸ ಇಲ್ಲವೋ, ಐಪಿ ಯಾವುದೋ ಪಟ್ಟಿಯಲ್ಲಿದೆಯೋ, ಗುರುತು ಪಾಸಾಗಲಿಲ್ಲವೋ ಅಲ್ಲೇ ಬರೆದಿರುತ್ತದೆ. ನನಗೆ ಫೋನ್ ಮಾಡುವವರು "ಮೇಲ್ ಹೋಗ್ತಿಲ್ಲ" ಅನ್ನುತ್ತಾರೆ, ಆ ಒಂದು ವಾಕ್ಯ ಕಳಿಸಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಬ್ಲ್ಯಾಕ್‌ಲಿಸ್ಟ್‌ಗೆ ಸೇರಿದ್ದೇವೆ. ಹೊರಬರುವುದು ಹೇಗೆ?

ಯಾವ ಪಟ್ಟಿ, ಯಾಕೆ ಎಂದು ಮೊದಲು ನೋಡಿ. ಕಾರಣ ಸರಿಪಡಿಸದೆ ತೆಗೆಯಿರಿ ಎಂದು ಕೇಳಿದರೆ ಎರಡೇ ದಿನದಲ್ಲಿ ಮತ್ತೆ ಸೇರಿಸುತ್ತಾರೆ. ಸ್ಪ್ಯಾಮ್‌ಹೌಸ್ ಪಟ್ಟಿಯಿಂದ ಬಿಡಿಸಿಕೊಳ್ಳಲು ದುಡ್ಡು ಕೊಡಬೇಕಾಗಿಲ್ಲ. ದುಡ್ಡು ಕೇಳುವ ಪಟ್ಟಿಗಳನ್ನು ನಾನು ಲೆಕ್ಕಕ್ಕೇ ಇಡುವುದಿಲ್ಲ.

ಇದಕ್ಕೆ ಉಲ್ಟಾ ತೊಂದರೆಯೂ ಇದೆ, ಬಹಳ ಜನರಿಗೆ ತಿಳಿಯದು. ನಿಮಗೆ ಬರುವ ಮೇಲ್ ಸೋಸಲು ಪೋಸ್ಟ್‌ಫಿಕ್ಸ್‌ನಲ್ಲಿ ಸ್ಪ್ಯಾಮ್‌ಹೌಸ್ ಹಾಕಿರುತ್ತೀರಿ. ಸರ್ವರಿನ ಡಿಎನ್‌ಎಸ್ ಮಾತ್ರ ಗೂಗಲ್‌ನ 8.8.8.8 ಇರುತ್ತದೆ. ಸಾರ್ವಜನಿಕ ಡಿಎನ್‌ಎಸ್ ಮೂಲಕ ಕೇಳಿದರೆ ಸ್ಪ್ಯಾಮ್‌ಹೌಸ್ ಉತ್ತರದ ಬದಲು ದೋಷದ ಸಂಕೇತ ಕೊಡುತ್ತದೆ. ಪೋಸ್ಟ್‌ಫಿಕ್ಸ್ ಅದನ್ನೇ "ಪಟ್ಟಿಯಲ್ಲಿದೆ" ಎಂದು ಓದಿಕೊಂಡು ಬಂದ ಮೇಲ್‌ಗಳನ್ನೆಲ್ಲ ವಾಪಸ್ ಕಳಿಸಬಹುದು. ಅನ್‌ಬೌಂಡ್ ಎಂಬ ಪುಟ್ಟ ಡಿಎನ್‌ಎಸ್ ಸಾಫ್ಟ್‌ವೇರ್ ಅನ್ನು ಸರ್ವರಿನಲ್ಲೇ ಹಾಕಿ. ಯಾವ ಉತ್ತರ ಬಂದರೆ ತಿರಸ್ಕರಿಸಬೇಕು ಎಂದೂ ಬಿಡಿಸಿ ಬರೆಯಿರಿ.

ವೆಬ್‌ಸೈಟಿನ ಫಾರ್ಮ್ ತುಂಬಿದವರ ಮೇಲ್ ನಮಗೆ ಬರುತ್ತಿಲ್ಲ.

ಫಾರ್ಮ್ ಬರೆದವರು 'ಇಂದ' ಜಾಗದಲ್ಲಿ ಭೇಟಿ ಕೊಟ್ಟವರ ವಿಳಾಸ ಹಾಕಿರುತ್ತಾರೆ. ನಿಮ್ಮ ವೆಬ್ ಸರ್ವರ್ ಯಾರದೋ ಯಾಹೂ ಹೆಸರಲ್ಲಿ ಮೇಲ್ ಕಳಿಸಿದಂತಾಯಿತು. ಯಾಹೂ ಡಿಮಾರ್ಕ್ ಪ್ರಕಾರ ಅದು ಖೋಟಾ. 'ಇಂದ' ನಿಮ್ಮ ಡೊಮೈನಿನದೇ ಇರಲಿ, ಭೇಟಿ ಕೊಟ್ಟವರ ವಿಳಾಸ "ರಿಪ್ಲೈ ಟು" ಜಾಗಕ್ಕೆ ಹೋಗಲಿ. ಐದು ನಿಮಿಷದ ಕೆಲಸ.

ಯಜಮಾನರಿಗೆ ಎಲ್ಲ ಮೇಲ್ ತಮ್ಮ ಜಿಮೇಲ್‌ಗೇ ಬರಬೇಕಂತೆ. ಫಾರ್ವರ್ಡ್ ಮಾಡಬಹುದಾ?

ಮಾಡಬಹುದು, ನನಗೆ ಇಷ್ಟವಿಲ್ಲ. ಫಾರ್ವರ್ಡ್ ಆದ ಮೇಲ್ ನಿಮ್ಮ ಐಪಿಯಿಂದ ಹೋಗುತ್ತದೆ, ಕಳಿಸಿದವರ ಎಸ್‌ಪಿಎಫ್ ಮುರಿಯುತ್ತದೆ. ಬಂದ ಸ್ಪ್ಯಾಮ್ ಕೂಡ ನಿಮ್ಮ ಸರ್ವರ್ ಕಳಿಸಿದಂತೆ ಜಿಮೇಲ್‌ಗೆ ಕಾಣುತ್ತದೆ. ಅವರ ಮೊಬೈಲಿನ ಜಿಮೇಲ್ ಆ್ಯಪ್‌ನಲ್ಲೇ ಆಫೀಸಿನ ಖಾತೆಯನ್ನು ಐಮ್ಯಾಪ್ ಮೂಲಕ ಸೇರಿಸಿಕೊಡಿ. ಅವರಿಗೆ ಬೇಕಾದದ್ದು ಒಂದೇ ಕಡೆ ಕಾಣುವುದು, ಅದು ಸಿಕ್ಕಂತಾಗುತ್ತದೆ.

ರಾತ್ರಿ ಕ್ಯೂನಲ್ಲಿ (ಹೊರಹೋಗಲು ಕಾಯುವ ಸಾಲಿನಲ್ಲಿ) 40,000 ಮೇಲ್ ತುಂಬಿದೆ! ಏನಾಯಿತು?

ಯಾರದೋ ಪಾಸ್‌ವರ್ಡ್ ಸೋರಿದೆ. ಹೆದರಬೇಡಿ, ಆದರೆ ತಡ ಮಾಡಬೇಡಿ. ಮೊದಲು ಪೋಸ್ಟ್‌ಫಿಕ್ಸ್ ನಿಲ್ಲಿಸಿ. ಲಾಗ್‌ನಲ್ಲಿ ಯಾವ ಲಾಗಿನ್ ಹೆಸರು ಮತ್ತೆ ಮತ್ತೆ ಬರುತ್ತಿದೆ ನೋಡಿ, ಆ ಪಾಸ್‌ವರ್ಡ್ ಬದಲಾಯಿಸಿ. ನಂತರ ಆ ಖಾತೆಯ ಮೇಲ್‌ಗಳನ್ನು ಮಾತ್ರ ಕ್ಯೂನಿಂದ ಅಳಿಸಿ. ಗಾಬರಿಯಲ್ಲಿ ಎಲ್ಲವನ್ನೂ ಅಳಿಸಿದರೆ ನಡುವೆ ಸಿಕ್ಕಿಕೊಂಡ ನಿಜವಾದ ಪರ್ಚೇಸ್ ಆರ್ಡರ್ ಕೂಡ ಹೋಗುತ್ತದೆ.

ಮುಂದೆ ಹೀಗಾಗದಂತೆ ಒಬ್ಬರಿಗೆ ಗಂಟೆಗೆ ಇಷ್ಟೇ ಮೇಲ್ ಎಂಬ ಮಿತಿ ಹಾಕಿ. ಲಾಗಿನ್ ಆದವರು ತಮ್ಮ ವಿಳಾಸದಿಂದ ಮಾತ್ರ ಕಳಿಸುವಂತೆ ಮಾಡಿ. ತಪ್ಪು ಪಾಸ್‌ವರ್ಡ್ ಹಾಕುತ್ತಲೇ ಇರುವ ಐಪಿಗಳನ್ನು ತಡೆಯುವ ಫೇಲ್‌ಟುಬ್ಯಾನ್ ಸಾಫ್ಟ್‌ವೇರ್ ಹಾಕಿ. ಇನ್ನೊಂದು ವಿಷಯ: ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ಲಾಗ್ ಬೇಗ ಅಳಿಸುವಂತೆ ಸೆಟ್ ಆಗಿದ್ದರೆ ಇವತ್ತೇ ಬದಲಾಯಿಸಿ.

ಕನ್ನಡದಲ್ಲಿ ಸಬ್ಜೆಕ್ಟ್ ಬರೆದರೆ ಬರೀ ಪ್ರಶ್ನೆ ಚಿಹ್ನೆ ಬರುತ್ತದೆ. ಕನ್ನಡದಲ್ಲೇ ಮೇಲ್ ವಿಳಾಸ ಇಡಬಹುದಾ?

ಪ್ರಶ್ನೆ ಚಿಹ್ನೆ ಬಂದರೆ ತಪ್ಪು ಸರ್ವರಿನದಲ್ಲ, ಕಳಿಸುವ ಸಾಫ್ಟ್‌ವೇರಿನದು. ಯೂನಿಕೋಡ್ ಅಕ್ಷರವನ್ನು ಯುಟಿಎಫ್-8 ಎಂದು ಗುರುತು ಹಾಕಿ, ಸುತ್ತಿ ಕಳಿಸಬೇಕು. ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರ್‌ಗಳು ಅದನ್ನು ಮಾಡುವುದಿಲ್ಲ. ನುಡಿಯ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿ ಮೇಲ್‌ಗೆ ಅಂಟಿಸಿದರೂ ಆ ಕಡೆ ಅರ್ಥವಿಲ್ಲದ ಅಕ್ಷರಗಳೇ ಕಾಣುತ್ತವೆ. ಯೂನಿಕೋಡ್‌ನಲ್ಲಿ ಬರೆದರೆ ಈ ಗೋಳೇ ಇಲ್ಲ.

ಕನ್ನಡ ವಿಳಾಸ ಇಡಬಹುದು. ಕನ್ನಡ ಲಿಪಿಯಲ್ಲೇ '.ಭಾರತ' ಡೊಮೈನ್ ಸಿಗುತ್ತದೆ. ಪೋಸ್ಟ್‌ಫಿಕ್ಸ್ 2015ರ 3.0 ಆವೃತ್ತಿಯಿಂದ ಇಂಥ ವಿಳಾಸಗಳನ್ನು ಸಾಗಿಸುತ್ತದೆ, ಜಿಮೇಲ್ 2014ರಿಂದ. ಆದರೆ ಆ ಕಡೆಯ ಸರ್ವರ್‌ಗೂ ಅದು ಬರಬೇಕು, ಇಲ್ಲದಿದ್ದರೆ ಮೇಲ್ ವಾಪಸ್. ಎಷ್ಟೋ ಜಾಲತಾಣಗಳ ಫಾರ್ಮ್‌ಗಳು ಕನ್ನಡ ವಿಳಾಸವನ್ನು ತಪ್ಪು ಎನ್ನುತ್ತವೆ. ಕಾರ್ಡಿನ ಮೇಲೆ ಕನ್ನಡ ವಿಳಾಸ ಹಾಕಿ, ಅದೇ ಮೇಲ್‌ಬಾಕ್ಸ್‌ಗೆ ಇಂಗ್ಲಿಷ್ ಅಕ್ಷರದ ಇನ್ನೊಂದು ವಿಳಾಸವನ್ನೂ ಇಡಿ. ನಮ್ಮ ಲಿಪಿಯ ವಿಳಾಸಕ್ಕೆ ಮೇಲ್ ಬಂದು ಬಿದ್ದಾಗ ಆಗುವ ಖುಷಿಯೇ ಬೇರೆ.

25 ಎಂಬಿ ಡ್ರಾಯಿಂಗ್ ಹೋಗುತ್ತಿಲ್ಲ.

ಅಟ್ಯಾಚ್‌ಮೆಂಟ್ ದಾರಿಯಲ್ಲಿ ಸುಮಾರು ಮೂರನೇ ಒಂದು ಪಾಲು ಉಬ್ಬುತ್ತದೆ. ಪೋಸ್ಟ್‌ಫಿಕ್ಸ್‌ನ ಮೊದಲ ಮಿತಿ ಸುಮಾರು 10 ಎಂಬಿ. ಅದನ್ನು ಏರಿಸಿದರೂ ಆ ಕಡೆಯವರ ಮಿತಿ ನಿಮ್ಮ ಕೈಯಲ್ಲಿಲ್ಲ. ದೊಡ್ಡ ಫೈಲಿಗೆ ಲಿಂಕ್ ಕಳಿಸಿ.

ಸರ್ವರ್ ಒಂದು ದಿನ ನಿಂತರೆ ಬರುವ ಮೇಲ್ ಕಳೆದುಹೋಗುತ್ತದಾ? ಎರಡನೇ ಎಂಎಕ್ಸ್ (ಬರುವ ಮೇಲ್ ಹಿಡಿದುಕೊಳ್ಳುವ ಇನ್ನೊಂದು ಸರ್ವರ್) ಬೇಕಾ?

ಕಳೆಯುವುದಿಲ್ಲ. ಕಳಿಸುವ ಸರ್ವರ್‌ಗಳು ಸಾಮಾನ್ಯವಾಗಿ ಕೆಲವು ದಿನ ಇಟ್ಟುಕೊಂಡು ಮತ್ತೆ ಪ್ರಯತ್ನಿಸುತ್ತವೆ. ಎರಡನೇ ಎಂಎಕ್ಸ್ ಸಣ್ಣ ಆಫೀಸಿಗೆ ಬೇಡ. ಅದನ್ನು ಮರೆತುಬಿಡುತ್ತೀರಿ, ಸ್ಪ್ಯಾಮ್ ಕಳಿಸುವವರು ಆ ಹಿಂಬಾಗಿಲನ್ನೇ ಹುಡುಕಿ ಬರುತ್ತಾರೆ. ಅದರ ಬದಲು ಬ್ಯಾಕಪ್ ಮೇಲೆ ಗಮನ ಕೊಡಿ, ತಿಂಗಳಿಗೊಮ್ಮೆ ಒಂದು ಮೇಲ್‌ಬಾಕ್ಸ್ ವಾಪಸ್ ತೆಗೆದು ನೋಡಿ.

ಮೂರು ತಿಂಗಳಿಗೊಮ್ಮೆ ಎಲ್ಲರ ಮೊಬೈಲಿನಲ್ಲೂ ಸರ್ಟಿಫಿಕೇಟ್ ಎಚ್ಚರಿಕೆ ಬರುತ್ತದೆ.

ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಕೊಡುವ, ಗೂಢಲಿಪಿಯ ಸಂಪರ್ಕಕ್ಕೆ ಬೇಕಾದ ಸರ್ಟಿಫಿಕೇಟ್ ಸಾಮಾನ್ಯವಾಗಿ 90 ದಿನದ್ದು. ಅದು ತಾನಾಗಿ ನವೀಕರಣ ಆಗಿರುತ್ತದೆ, ಆದರೆ ಪೋಸ್ಟ್‌ಫಿಕ್ಸ್ ಮತ್ತು ಡವ್‌ಕಾಟ್ ಹಳೆಯದನ್ನೇ ಹಿಡಿದುಕೊಂಡಿರುತ್ತವೆ. ನವೀಕರಣವಾದ ತಕ್ಷಣ ಎರಡನ್ನೂ ರೀಲೋಡ್ ಮಾಡುವ ಸಾಲು ಸೇರಿಸಿ.

ಎಲ್ಲ ಮಾಡಿದರೂ ಹೊರಹೋಗುವ ಮೇಲ್ ಸರಿಹೋಗಲಿಲ್ಲ. ಸರ್ವರ್ ಬಿಟ್ಟುಬಿಡಲಾ?

ಪೂರ್ತಿ ಬಿಡಬೇಕಿಲ್ಲ. ಬರುವ ಮೇಲ್, ಮೇಲ್‌ಬಾಕ್ಸ್, ಹಳೆಯ ಪತ್ರ ಎಲ್ಲ ನಿಮ್ಮ ಸರ್ವರಿನಲ್ಲೇ ಇರಲಿ. ಹೊರಹೋಗುವುದನ್ನು ಮಾತ್ರ ಒಂದು ರಿಲೇ ಸೇವೆಯ (ನಿಮ್ಮ ಪರವಾಗಿ ಮೇಲ್ ಮುಂದೆ ಸಾಗಿಸುವ ಕಂಪನಿ) ಮೂಲಕ ಕಳಿಸಿ. ಪೋಸ್ಟ್‌ಫಿಕ್ಸ್‌ನಲ್ಲಿ ರಿಲೇಹೋಸ್ಟ್ ಎಂಬ ಒಂದು ಸೆಟ್ಟಿಂಗ್, ಜೊತೆಗೆ ಲಾಗಿನ್ ವಿವರ, ಅಷ್ಟೇ. ಐಪಿಯ ಹೆಸರು ಕಾಪಾಡುವ ತಲೆನೋವು ಅವರದು. ಎಸ್‌ಪಿಎಫ್‌ನಲ್ಲಿ ಅವರನ್ನು ಸೇರಿಸಿ, ಡಿಕಿಮ್ ಮೊಹರು ನಿಮ್ಮ ಡೊಮೈನಿನದೇ ಬೀಳುವಂತೆ ನೋಡಿಕೊಳ್ಳಿ. ಎರಡು ತಿಂಗಳು ಗುದ್ದಾಡಿಯೂ ಐಪಿ ಸುಧಾರಿಸದ ಕಡೆ ನಾನು ಹೀಗೇ ಮಾಡುತ್ತೇನೆ. ಗಿರಾಕಿಗೆ ಕೊಟೇಶನ್ ಸಿಗಬೇಕು, ನಮ್ಮ ಹಠ ಗೆಲ್ಲಬೇಕಾಗಿಲ್ಲ.

ಒಂದು ದಿನ ಬೆಳಿಗ್ಗೆ ಏನೂ ಮುಟ್ಟದೆಯೇ ಎಲ್ಲ ಮೇಲ್ ನಿಂತುಹೋಯಿತು. ಸರ್ವರ್ ಸರಿಯಿದೆ. ಎಲ್ಲಿ ನೋಡಲಿ?

ಡೊಮೈನ್ ಅವಧಿ ಮುಗಿದಿದೆಯೇ ನೋಡಿ. ನವೀಕರಣದ ನೆನಪೋಲೆ ಹೋಗುವುದು ನೋಂದಣಿಯಲ್ಲಿರುವ ವಿಳಾಸಕ್ಕೆ. ಅದು ಐದು ವರ್ಷದ ಹಿಂದೆ ಕೆಲಸ ಬಿಟ್ಟುಹೋದ ಹುಡುಗನ ವಿಳಾಸವಾಗಿರುತ್ತದೆ, ಇಲ್ಲವೇ ಅದೇ ಡೊಮೈನಿನ ವಿಳಾಸವಾಗಿರುತ್ತದೆ. ಡೊಮೈನ್ ನಿಂತ ಮೇಲೆ ಆ ವಿಳಾಸಕ್ಕೆ ಎಚ್ಚರಿಕೆಯೂ ಬರುವುದಿಲ್ಲ. ನೋಂದಣಿ ಕಂಪನಿಯ ಹೆಸರಲ್ಲಿರಲಿ, ವಿಳಾಸ ಬೇರೆ ಡೊಮೈನಿನದಾಗಿರಲಿ, ಮೊಬೈಲ್ ನಂಬರ್ ಯಜಮಾನರದಾಗಿರಲಿ. ಲೆಕ್ಕ ನೋಡುವವರ ಡೈರಿಯಲ್ಲಿ ಜಿಎಸ್‌ಟಿ ತಾರೀಖುಗಳ ಪಕ್ಕದಲ್ಲೇ ಡೊಮೈನ್ ತಾರೀಖನ್ನೂ ಬರೆಸಿಬಿಡಿ.